ಹದಿನಾಲ್ಕು ಸೆಕೆಂಡಿನ ಹಾಜಿಮಲಂಗ್

ಬಾಯಲ್ಲಿ ಪ್ಲಾಸ್ಟಿಕ್ ಕಡ್ಡಿ ಕಚ್ಚಿಕೊಂಡು, ಮೈಮೇಲೆ ಸೀಸದ ಭಾರದ ಅಂಗಿ ಹೊದ್ದುಕೊಂಡು, ಎರಡೂ ಕೈಯಲ್ಲಿ ಯಂತ್ರದ ಹಿಡಿಕೆ ಹಿಡಿದು ನಾನು ನಿಂತಿದ್ದೆ. ವಾಡಿ ಸ್ಟೇಷನ್ನಿನ ಹತ್ತಿರದ ಎಕ್ಸ್‌ರೇ ಕೇಂದ್ರ ಅದು. ಇಡೀ ದವಡೆಯ ಚಿತ್ರವನ್ನು ಒಂದೇ ಸಲಕ್ಕೆ ತೆಗೆಯುವ ಆ ಯಂತ್ರಕ್ಕೆ ಓಪಿಜಿ ಎನ್ನುತ್ತಾರೆ. ಅದರ ತೋಳು ನಿಂತವರ ತಲೆಯ ಸುತ್ತ, ಮದುಮಗನಿಗೆ ಆರತಿ ಎತ್ತಿದ ಹಾಗೆ, ನಿಧಾನವಾಗಿ ತಿರುಗುತ್ತದೆ. ಹದಿನಾಲ್ಕು ಸೆಕೆಂಡು. ಅಷ್ಟು ಹೊತ್ತು ಅಲುಗಾಡಬಾರದು, ಮಾತಾಡಬಾರದು, ಉಗುಳು ನುಂಗಬಾರದು. ಯಂತ್ರ ನಡೆಸುವ ಹಾಜಿಮಲಂಗ್ ಇದನ್ನು ನನಗೆ ಮೂರು ಸಲ ಹೇಳಿ, ಬಾಗಿಲು ಹಾಕಿಕೊಂಡು ಹೊರಗೆ ಹೋಗಿ, ಗಾಜಿನ ಆಚೆ ನಿಂತು ಗುಂಡಿ ಒತ್ತಿದ.

ತೋಳು ನನ್ನ ಎಡಗಿವಿ ದಾಟುವ ಹೊತ್ತಿಗೆ ಗಾಜಿನ ಆಚೆ ತಲೆಗೆ ಪಟಗಾ ಸುತ್ತಿದ ಒಬ್ಬ ಹಿರಿಯರು ಕಾಣಿಸಿಕೊಂಡರು. ಎರಡೂ ಕೈ ಎತ್ತಿ ಮುಗಿದು, ಗೋಡೆ ಅದುರುವ ದನಿಯಲ್ಲಿ "ಸರ್, ಶರಣ್ರೀ!" ಎಂದರು.

ನಾನು ಇಪ್ಪತ್ತೆಂಟು ವರ್ಷದಿಂದ ಈ ಸೀಮೆಯಲ್ಲಿ ಹಾಸ್ಯ ಭಾಷಣ ಮಾಡುತ್ತ ಬಂದವನು. ಕಂಡಲ್ಲಿ ಕೈ ಮುಗಿಯುವವರು ಇದ್ದಾರೆ. ಹೆಚ್ಚಿಲ್ಲ. ಹೆಚ್ಚಿಲ್ಲದ ಕಾರಣಕ್ಕೆ ಒಂದನ್ನೂ ಕಳೆದುಕೊಳ್ಳುವ ಸ್ಥಿತಿಯಲ್ಲಿ ನಾನಿಲ್ಲ. ಹಿಡಿಕೆ ಬಿಟ್ಟೆ, ಕಡ್ಡಿ ಉಗುಳಿದೆ, ಆ ಕಡೆ ತಿರುಗಿ ಕೈ ಮುಗಿದು "ಶರಣ್ರೀ, ಶರಣ್ರೀ" ಎಂದೆ. ಯಂತ್ರದ ತೋಳು ನನ್ನ ಮೂಗನ್ನು ಸವರಿಕೊಂಡು ಮುಂದೆ ಹೋಯಿತು.

ಆ ಹಿರಿಯರು ನನ್ನನ್ನು ನೋಡಿರಲೇ ಇಲ್ಲ. ಅವರು ಕೈ ಮುಗಿದದ್ದು ಹಾಜಿಮಲಂಗನಿಗೆ.

ಪರದೆಯ ಮೇಲೆ ಚಿತ್ರ ಬಂತು. ನನ್ನ ಕೆಳದವಡೆ ಬಾವಿಗೆ ಇಳಿಯುವ ಹಾಗೆ ಮೆಟ್ಟಿಲು ಮೆಟ್ಟಿಲಾಗಿತ್ತು. ಬಲಗಡೆ ಒಂದೊಂದು ಹಲ್ಲಿಗೂ ಜೋಡಿ ನೆರಳು. ಕಾಯುತ್ತ ಕುಳಿತಿದ್ದವರೆಲ್ಲ ಎದ್ದು ಬಂದು ಇಣುಕಿದರು.

"ಯಪ್ಪಾ, ಎಷ್ಟು ಹಲ್ಲರೀ ಇವ್ರಿಗಿ!" ಎಂದಳೊಬ್ಬ ಹೆಂಗಸು.

"ಬಾಯಿ ಭಾಳ ಇದ್ದೋರಿಗಿ ಹಲ್ಲೂ ಭಾಳ ಇರ್ತಾವವ್ವ" ಎಂದಳು ಇನ್ನೊಬ್ಬಳು. ಈ ಎರಡನೆಯವಳು ನನ್ನ ಹೆಂಡತಿ ಉಮಾದೇವಿ.

ಹಾಜಿಮಲಂಗ್ ನಗಲಿಲ್ಲ. "ಮಾಸ್ತರ್ರೆ, ಇನ್ನೊಮ್ಮೆ ತೆಗೀಬೇಕಾಗ್ತದ. ಕಿರಣ ಜರಾಸೇ ಇರ್ತದ ಖರೆ, ಆದ್ರೂ ಒಂದೇ ಮುಖಕ್ಕ ಸುಮ್ಮಸುಮ್ಮನ ಎರಡು ಸಲ ಹಾಯಿಸೋದು ನನಗ ಸರಿ ಬರಂಗಿಲ್ಲ. ಆ ಕಡಿ ಕುಂದ್ರಿ. ಮೊದಲು ಬಂದೋರದು ಮುಗೀಲಿ" ಎಂದ.

ಕುಳಿತೆ. ಮೂವತ್ತಾರು ವರ್ಷದ ಹಿಂದೆ ಪರೀಕ್ಷೆಯಲ್ಲಿ ನನ್ನ ಉತ್ತರ ಪತ್ರಿಕೆ ನೋಡಿ ಬರೆಯಲು ಕತ್ತು ಉದ್ದ ಮಾಡುತ್ತಿದ್ದವನು ಈಗ ನನ್ನನ್ನು ಮೂಲೆಯಲ್ಲಿ ಕೂರಿಸಿದ್ದ.

ನನ್ನ ಹೆಸರು ಸಿದ್ದಲಿಂಗೇಶ. ಇರುವುದು ಶಹಾಬಾದಿನಲ್ಲಿ, ಕನ್ನಡ ಕಲಿಸುವುದು ಚಿತ್ತಾಪುರದ ಹೈಸ್ಕೂಲಿನಲ್ಲಿ. ವಯಸ್ಸು ಐವತ್ತೆರಡು. ಎಡಗಡೆಯ ಕೆಳದವಡೆಯ ಬುದ್ಧಿ ಹಲ್ಲು ಇಷ್ಟು ವರ್ಷ ಒಸಡಿನೊಳಗೆ ಅಡ್ಡ ಮಲಗಿತ್ತು. ಈ ವರ್ಷ ಅದಕ್ಕೆ ಏನು ತಿಳಿಯಿತೋ, ಪಕ್ಕದ ಹಲ್ಲನ್ನು ತಳ್ಳಿ ಎದ್ದು ಕೂಡಲು ಹೊರಟಿತು. ಕೆನ್ನೆ ಊದಿ, ಒಂದೇ ಮಗ್ಗುಲಲ್ಲಿ ಹೋಳಿಗೆ ಇಟ್ಟುಕೊಂಡವನ ಹಾಗೆ ಕಾಣುತ್ತಿದ್ದೆ. ಚಿತ್ತಾಪುರದ ಹಲ್ಲಿನ ಡಾಕ್ಟರ್ ಮೈತ್ರಿ ನನ್ನ ಹಳೆಯ ವಿದ್ಯಾರ್ಥಿನಿ. ಅವಳು ಬಾಯೊಳಗೆ ಚಿಕ್ಕ ಎಕ್ಸ್‌ರೇ ಇಟ್ಟು ನೋಡಿ, ಮುಖ ಸಣ್ಣ ಮಾಡಿದಳು.

"ಸರ್, ಹಲ್ಲು ಕೀಳಲೇಬೇಕ್ರಿ. ಆದ್ರ ಇದರ ಬೇರಿನ ಕೆಳಗ ಒಂದು ನರ ಹೋಗ್ಯದ. ಕೆಳತುಟಿಗಿ, ಗದ್ದಕ್ಕ ಸ್ಪರ್ಶ ಕೊಡೋ ನರ. ಕೀಳುವಾಗ ಅದಕ್ಕ ಪೆಟ್ಟಾದ್ರ ಆ ಕಡಿ ತುಟಿ ಜೋಮು ಹಿಡೀತದ. ಕೆಲವರಿಗಿ ಕೆಲವು ತಿಂಗಳು. ಅಪರೂಪಕ್ಕ ಕಾಯಂ."

"ಜೋಮು ಅಂದ್ರ?"

"ತುಟಿ ಅಲುಗಾಡ್ತದ್ರಿ. ಆದ್ರ ಅದು ಎಲ್ಲದ ಅಂತ ನಿಮಗ ಗೊತ್ತಾಗಂಗಿಲ್ಲ. ಚಹಾ ಕುಡಿದ್ರ ಗದ್ದದ ಮ್ಯಾಲ ಸೋರಿದ್ದೂ ತಿಳೀದಿಲ್ಲ."

"ಸೀಟಿ?"

"ಗಾಳಿ ಬರ್ತದ್ರಿ ಸರ್. ಸೀಟಿ ಬರೋದು ಕಷ್ಟ."

ಈ ಸೀಟಿಯ ವಿಷಯ ಹೇಳಬೇಕು. ನನ್ನ ಪ್ರತಿ ಭಾಷಣದ ಕೊನೆಗೆ, ವಾಡಿ ಜಂಕ್ಷನ್ನಿನಿಂದ ಗೂಡ್ಸ್ ಗಾಡಿ ಹೊರಡುವಾಗಿನ ಸೀಟಿಯನ್ನು ಬರಿಯ ತುಟಿಯಲ್ಲಿ ಊದುತ್ತೇನೆ. ಮೊದಲು ಉದ್ದ, ಆಮೇಲೆ ಗಿಡ್ಡ, ಆಮೇಲೆ ದೂರ ಹೋಗುತ್ತ ಹೋಗುತ್ತ ಸಣ್ಣಗಾಗುವುದು. ಭಾಷಣ ಬಿದ್ದರೂ ಸೀಟಿ ಬಿದ್ದದ್ದಿಲ್ಲ. ನಿಜ ಹೇಳುವುದಾದರೆ ಜನ ಕರೆಯುವುದು ಸೀಟಿಗಾಗಿ, ಭಾಷಣವನ್ನು ಸಹಿಸಿಕೊಳ್ಳುತ್ತಾರೆ. ಇನ್ನು ಆರು ವಾರಕ್ಕೆ ಸೇಡಮ್ಮಿನಲ್ಲಿ ಶಿಕ್ಷಕರ ಸಮಾವೇಶ, ಅಲ್ಲಿ ನನ್ನದೇ ಮುಖ್ಯ ಭಾಷಣ. ತುಟಿ ಹೋದರೆ ನನ್ನ ಬಳಿ ಉಳಿಯುವುದು ಜೋಕುಗಳು ಮಾತ್ರ. ಅವುಗಳ ಯೋಗ್ಯತೆ ನನಗೆ ಗೊತ್ತು.

"ಹಂಗಾದ್ರ ಏನು ಮಾಡೋದು?"

"ವಾಡಿಗಿ ಹೋಗಿ ಓಪಿಜಿ ತೆಗಿಸ್ಕೊಂಡು ಬರ್ರಿ. ಹಾಜಿ ಅಂಕಲ್ ಅವ್ರ ಕಡಿನೇ ತೆಗಿಸ್ರಿ. ಅವರು ತೆಗ್ದ ಚಿತ್ರ ಅಂದ್ರ ಎರಡನೇ ಮಾತಿಲ್ರಿ ಸರ್."

ನಾನು ಕಲಿಸಿದ ಹುಡುಗಿ, ನನ್ನ ಎದುರಿಗೇ, ಎರಡನೇ ಮಾತಿಲ್ಲ ಎಂದಳು. ಅದೂ ಯಾರ ಬಗ್ಗೆ? ಹತ್ತನೆಯ ಇಯತ್ತೆಯ ಗಣಿತದಲ್ಲಿ ಮೂರು ಸಲ ಬಿದ್ದವನ ಬಗ್ಗೆ.

ಹಾಜಿಮಲಂಗ್ ಭಂಕೂರಿನವನು. ಅವನಪ್ಪ ಫಕೀರಸಾಬ ಶಹಾಬಾದ ಕಲ್ಲಿನ ಗಣಿಯಲ್ಲಿ ಫರ್ಸಿ, ಅಂದರೆ ನೆಲಕ್ಕೆ ಹಾಸುವ ಚಪ್ಪಡಿ, ಏಳಿಸುತ್ತಿದ್ದ. ನಾವಿಬ್ಬರೂ ಒಂದೇ ಬೆಂಚಿನವರು. ನಾನು ತರಗತಿಗೆ ಮೊದಲಿಗ, ಅವನು ಕೊನೆಯಿಂದ ಮೊದಲಿಗ. ಆರನೆಯ ಇಯತ್ತೆಯಲ್ಲಿ ಚಿಣಿಕೋಲು ಆಡುವಾಗ ಅವನು ಹೊಡೆದ ಚಿಣಿ ಬಂದು ನನ್ನ ಮೇಲಿನ ಮುಂದಿನ ಹಲ್ಲನ್ನು ಅರ್ಧಕ್ಕೆ ಮುರಿಯಿತು. ಆ ಹಲ್ಲಿಗೆ ನೌಕರಿ ಸಿಕ್ಕ ಮೇಲೆ ಟೋಪಿ ಹಾಕಿಸಿದೆ. ಹೊರಗೆ ಹಲ್ಲಿನ ಬಣ್ಣ, ಒಳಗೆ ಲೋಹ. ಅದರ ಬಗ್ಗೆ ಅವನು ಇಂದಿನವರೆಗೂ ಕ್ಷಮೆ ಕೇಳಿಲ್ಲ. ಚಿಣಿ ಬರುವಾಗ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು ಎಂಬುದು ಅವನ ವಾದ.

ಮೂರನೆಯ ಸಲ ಗಣಿತ ಬಿದ್ದ ಮೇಲೆ ಅವನೂ ಗಣಿಗೆ ಹೋದ. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಒಂದು ಚಪ್ಪಡಿ ಜಾರಿ ಕಾಲ ಮೇಲೆ ಬಿತ್ತು. ಶಹಾಬಾದಿನ ಒಬ್ಬ ವಯಸ್ಸಾದ ಡಾಕ್ಟರು ಎಕ್ಸ್‌ರೇ ತೆಗೆದು, ಹಸಿ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಕಾಲು ನೋಯುತ್ತಿದ್ದವನು ನೋವು ಬಿಟ್ಟು ಕೇಳಿದ್ದೊಂದೇ ಮಾತಂತೆ: "ಸಾಹೇಬ್ರ, ನಮ್ಮಪ್ಪ ಕಲ್ಲಿನ ಪದರು ನೋಡಲಿಕ್ಕ ಕಲ್ಲು ಒಡೀಬೇಕು. ನೀವು ಒಡೀದನ ನೋಡಿದ್ರಿ. ಇದು ನನಗ ಕಲಿಸ್ತೀರೇನು?" ಡಾಕ್ಟರು ಅವನನ್ನು ಫಿಲ್ಮು ತೊಳೆಯಲು ಇಟ್ಟುಕೊಂಡರು. ಹದಿಮೂರು ವರ್ಷ ಕತ್ತಲ ಕೋಣೆಯಲ್ಲಿ ಫಿಲ್ಮು ತೊಳೆದು ಹಗ್ಗಕ್ಕೆ ಚಿಮಟಾ ಹಾಕಿ ಒಣಗಿಸಿದ. ಆ ನಡುವೆ ಗಣಿತ ನಾಲ್ಕನೆಯ ಸಲ ಬರೆದು ಪಾಸಾದ. ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಕಲಬುರಗಿಯಲ್ಲಿ ತನ್ನ ಅರ್ಧ ವಯಸ್ಸಿನವರ ಜೊತೆ ಕುಳಿತು ಎಕ್ಸ್‌ರೇ ತಂತ್ರಜ್ಞನ ಕೋರ್ಸು ಮುಗಿಸಿದ. ವಾಡಿಯ ಕೇಂದ್ರಕ್ಕೆ ಓಪಿಜಿ ಯಂತ್ರ ಬಂದಾಗ ಅದರ ಹಿಂದೆ ನಿಂತವನು ಇವತ್ತಿಗೂ ಕದಲಿಲ್ಲ. ಕದಲದೆ ನಿಲ್ಲುವುದೇ ಅವನ ಕಸುಬು, ಕದಲದೆ ನಿಲ್ಲಿಸುವುದೂ.

ನನ್ನ ಹೊಟ್ಟೆಕಿಚ್ಚಿನ ಬೇರು ಇಲ್ಲೇ ಇದೆ. ನಾನು ಮೂವತ್ತು ಜನರ ಎದುರು ಮೈಕು ಹಿಡಿದು, ಬೆವರು ಸುರಿಸಿ, ಸೀಟಿ ಊದಿದರೂ ಹಿಂದಿನ ಸಾಲಿನವರು ಮೊಬೈಲ್ ನೋಡುತ್ತಾರೆ. ಇವನು ಮೆಲ್ಲಗೆ "ಈಗ ನಿಂದ್ರಿ" ಎಂದರೆ ಚಿಂಚೋಳಿಯ ಕಾಡಿನಂಚಿನಿಂದ ಬಂದ ಒರಟು ಮನುಷ್ಯನೂ ಉಸಿರು ಬಿಗಿಹಿಡಿಯುತ್ತಾನೆ. ಇನ್ನೂ ಒಂದಿದೆ. ಅವನು ನನ್ನ ಭಾಷಣ ಎಲ್ಲಿದ್ದರೂ ಬರುತ್ತಾನೆ, ಮೂರನೆಯ ಸಾಲಿನಲ್ಲಿ ಕೂರುತ್ತಾನೆ. ಇಪ್ಪತ್ತೆಂಟು ವರ್ಷದಲ್ಲಿ ಒಂದು ಸಲವೂ ನಕ್ಕಿಲ್ಲ.

ಆ ದಿನ ಮೂಲೆಯಲ್ಲಿ ಕುಳಿತು ಅವನ ಕೆಲಸ ನೋಡಿದೆ. ತಪ್ಪು ಹುಡುಕುವ ಉದ್ದೇಶದಿಂದಲೇ ನೋಡಿದೆ.

ಮೊದಲು ಅವನು ಬಂದವರ ಬಾಯಿಗೆ ಟಾರ್ಚು ಹಿಡಿಯುತ್ತಾನೆ. ನೋಡಿ, ಚಿತ್ರದ ಲಕೋಟೆಯ ಮೇಲೆ ಹೆಸರಿನ ಕೆಳಗೆ ಒಂದು ಗುರುತು ಬರೆಯುತ್ತಾನೆ: "ಬಲಕ್ಕೆ ಕೆಳಗೆ ಎರಡಿಲ್ಲ", "ಮೇಲೆ ಬೆಳ್ಳಿ ತುಂಬಿದ್ದು". ಇದು ಗಣಿಯ ಪಾಠ. ಎಲ್ಲ ಫರ್ಸಿಯೂ ಒಂದೇ ಬೂದು ಬಣ್ಣ. ಯಾರದು ಯಾವುದು ಎಂದು ತಿಳಿಯಲು ಫಕೀರಸಾಬ ಪ್ರತಿ ಕಲ್ಲಿನ ಮೂಲೆಗೆ ಇದ್ದಿಲಿನಿಂದ ಗೀರು ಹಾಕುತ್ತಿದ್ದನಂತೆ. ಹೆಸರು ಸಾಲದೇ ಎಂದು ಕೇಳಿದೆ.

"ನೋಡ್ತಿರ್ರಿ" ಎಂದವನು ಬಾಗಿಲಿಗೆ ಹೋಗಿ "ಬಸವಂತರಾಯ!" ಎಂದು ಕೂಗಿದ. ಬೆಂಚಿನಿಂದ ಮೂವರು ಎದ್ದು ನಿಂತರು.

ಮೊದಲ ಸಲ ನಾನೇ ಅವಸರ ಮಾಡಿ ಇದನ್ನೆಲ್ಲ ತಪ್ಪಿಸಿದ್ದೆ. ಈಗ ನನ್ನ ಸರದಿ ಬಂದಾಗ ನನ್ನ ಬಾಯಿಗೂ ಟಾರ್ಚು ಹಿಡಿದು, "ಮೇಲೆ ಮುಂದೆ ಟೋಪಿ" ಎಂದು ಬರೆದ. ಮುರಿದವನು ತಾನೇ ಎಂಬ ನಾಚಿಕೆ ಅವನ ಅಕ್ಷರದಲ್ಲಿ ಎಲ್ಲೂ ಇರಲಿಲ್ಲ.

ಆಮೇಲೆ ಕಪಾಟು ತೆರೆದು, ಒಗೆದು ಮಡಿಸಿದ ಒಂದು ಬಿಳಿ ವಸ್ತ್ರ ತೆಗೆದು ಎರಡೂ ಕೈಯಿಂದ ನನ್ನ ಮುಂದೆ ಹಿಡಿದ. ಇದಕ್ಕೊಂದು ಕತೆಯಿದೆ. ಕಿವಿಯಲ್ಲಿ, ಕೊರಳಲ್ಲಿ ಲೋಹ ಇದ್ದರೆ ಚಿತ್ರದಲ್ಲಿ ಬಿಳಿ ನೆರಳು ಬೀಳುತ್ತದೆ, ನೋಡಬೇಕಾದದ್ದೇ ಮುಚ್ಚಿಹೋಗುತ್ತದೆ. ಹಿಂದೊಮ್ಮೆ ಸುಲೇಪೇಟದ ಗುರುಲಿಂಗಮ್ಮ ಎಂಬ ಅಜ್ಜಿ ಬೆಳ್ಳಿ ಸರಕ್ಕೆ ಇಷ್ಟಲಿಂಗದ ಕರಡಿಗೆ ಕಟ್ಟಿಕೊಂಡು ಬಂದಿದ್ದರು. ತೆಗೆದಿಡಿ ಎಂದರೆ, "ದೀಕ್ಷಾ ಆದಾಗಿಂದ ಮೈ ಬಿಟ್ಟು ಇಟ್ಟಿಲ್ಲಪ್ಪ. ಹಲ್ಲು ಹೋದ್ರ ಹೋಗ್ಲಿ" ಎಂದು ಚಿತ್ರ ತೆಗೆಸದೆ ಊರಿಗೆ ಹೋದರು. ಹಾಜಿಮಲಂಗ್ ಮರುದಿನ ಓಣಿಯ ಅಯ್ಯನೋರನ್ನು ಕಂಡು ವಿಚಾರಿಸಿದ. ಅಂಗೈಯಲ್ಲಿ ಹಿಡಿದರೆ ಲಿಂಗ ಮೈಯಿಂದ ಅಗಲಿದಂತಲ್ಲ ಎಂದು ತಿಳಿದ ಮೇಲೆ ಬಸ್ಸು ಹತ್ತಿ ಸುಲೇಪೇಟಕ್ಕೆ ಹೋಗಿ, "ಆಯಿ, ಪೂಜಾಕ್ಕ ಹಿಡಿದಂಗ ಎಡಗೈಯಾಗ ಹಿಡ್ಕೋರಿ. ಬಲಗೈಲೆ ಮಿಶನ್ ಹಿಡೀರಿ. ಬರ್ರಿ" ಎಂದು ಕರೆತಂದ. ಅಂಗೈಗೆ ಹಾಸಲು ಬಿಳಿ ವಸ್ತ್ರ ಅಂದಿನಿಂದ. ಈಗ ಆ ಕಡೆಯ ಮುದುಕಿಯರು ಹಲ್ಲು ಗಟ್ಟಿ ಇದ್ದರೂ ಇವನನ್ನು ಮಾತಾಡಿಸಲು ಬರುತ್ತಾರೆ.

"ಕೊಳ್ಳಾಗಿಂದು?" ಎಂದು ಕೇಳಿದ ನನ್ನನ್ನು.

ನಾನು ಕೊರಳು ಮುಟ್ಟಿ ನೋಡಿಕೊಂಡೆ.

"ಅದು ಮನ್ಯಾಗ ಗೂಟಕ್ಕದ ಅಣ್ಣ. ಭಾಷಣ ಇದ್ದ ದಿನ ಅಷ್ಟೇ ಇವರ ಕೊಳ್ಳಿಗಿ ಬರ್ತದ" ಎಂದಳು ಉಮಾದೇವಿ.

ಹಾಜಿಮಲಂಗ್ ಏನೂ ಅನ್ನದೆ ವಸ್ತ್ರವನ್ನು ಮಡಿಕೆ ಕೆಡದಂತೆ ಕಪಾಟಿನಲ್ಲಿ ಇಟ್ಟ. ಏನೂ ಅನ್ನದೆ ಇರುವುದರಲ್ಲಿ ಅವನು ನುರಿತವನು.

ಎರಡನೆಯ ಸಲ ನಾನು ಹದಿನಾಲ್ಕು ಸೆಕೆಂಡು ನಿಂತೆ. ಹೊರಗೆ ಯಾರೋ ಶರಣ್ರೀ ಎಂದರು. ನಾನು ಕಲ್ಲಾಗಿದ್ದೆ.

ಮೈತ್ರಿ ಆ ಚಿತ್ರವನ್ನು ಪೆಟ್ಟಿಗೆಯ ಬೆಳಕಿಗೆ ಸಿಕ್ಕಿಸಿ ಪೆನ್ನಿನ ತುದಿ ಇಟ್ಟಳು. "ಸರ್, ಇಲ್ನೋಡ್ರಿ. ಎರಡು ಬಿಳಿ ಗೆರಿ ಕಾಣ್ತಾವಲ್ಲ, ವಾಡಿ ಸ್ಟೇಷನ್ದಾಗಿನ ಹಳಿ ಇದ್ದಂಗ? ಆ ಎರಡು ಹಳಿ ನಡುವ ನರ ಹೋಗ್ತದ. ಬೇರು ಹಳಿ ಬಾಜೂಕ ನಿಂತಿದ್ರ ಚಿಂತಿಲ್ಲ. ನಿಮ್ಮ ಬೇರು ಬಂದಲ್ಲಿ ಮ್ಯಾಲಿನ ಹಳಿ ಮಾಯ ಆಗ್ಯದ. ಅಂದ್ರ ಬೇರು ಹಳಿ ಮ್ಯಾಲೇ ನಿಂತದೋ, ಹಿಂದದೋ, ಮುಂದದೋ, ಈ ಚಪ್ಪಟಿ ಚಿತ್ರದಾಗ ತಿಳಿಯಂಗಿಲ್ಲ. ಕಲಬುರಗ್ಯಾಗ ತ್ರೀಡಿ ಸ್ಕ್ಯಾನ್ ಮಾಡಿಸಬೇಕು."

ಹೆದರಿಕೆಯ ನಡುವೆಯೂ ನನ್ನೊಳಗಿನ ಮಾಸ್ತರ ಎದ್ದು ಕುಳಿತ. "ಹಳಿ! ಛಲೋ ಉಪಮಾ ಕೊಟ್ಟಿ ನೋಡವ್ವ. ನಾ ಕಲಿಸಿದ್ದು ನೆನಪಿಟ್ಟಿ."

"ನಂದಲ್ರಿ ಸರ್. ಹಾಜಿ ಅಂಕಲ್ ಹೇಳಿಕೊಟ್ರು. ಪೇಷಂಟಿಗಿ ಹಿಂಗ ಹೇಳ್ರಿ ಡಾಕ್ಟರ್, ಲಗೂ ತಿಳೀತದ ಅಂತ."

ಉಪಮಾಲಂಕಾರವನ್ನು ಆ ಹುಡುಗಿಗೆ ಮೂರು ವರ್ಷ ಕಲಿಸಿದವನು ನಾನು. ಅವಳ ಬಾಯಲ್ಲಿ ಉಳಿದದ್ದು ಅವನದು. ಜನರ ನಮಸ್ಕಾರ ಹೋದರೆ ಹೋಗಲಿ, ಉಪಮೆಯೂ ಅವನ ಪಾಲಾದರೆ ನಾನು ಏನು ಇಟ್ಟುಕೊಂಡು ಬದುಕಬೇಕು?

ಹೊಟ್ಟೆಕಿಚ್ಚು ಬುದ್ಧಿಗೆ ಬಹಳ ಬೇಗ ಕಾರಣ ಹುಡುಕಿಕೊಡುತ್ತದೆ. ಹಳಿ ಮಾಯವಾಗಿದ್ದು ನನ್ನ ದವಡೆಯಲ್ಲಲ್ಲ, ಅವನ ಚಿತ್ರದಲ್ಲಿ ಎಂದು ನನಗೆ ಮರುದಿನ ಮುಂಜಾನೆ ಹೊಳೆಯಿತು. ಉಮಾದೇವಿಗೆ ಹೇಳದೆ ಬೇರೊಂದು ಊರಿನ ಕೇಂದ್ರಕ್ಕೆ ಹೋದೆ. ಊರಿನ ಹೆಸರು ಬೇಡ. ಅಲ್ಲಿ ಟಾರ್ಚಿಲ್ಲ, ವಸ್ತ್ರವಿಲ್ಲ, ಮೂರು ಸಲ ಹೇಳುವುದೂ ಇಲ್ಲ. ಯಂತ್ರದ ಮನುಷ್ಯ "ಸರ್, ನಿಮ್ಮ ಸೀಟಿ ಕೇಳೀನ್ರಿ!" ಎಂದು ಕುರ್ಚಿ ಹಾಕಿ ಚಹಾ ತರಿಸಿದ. ಇಷ್ಟು ಒಳ್ಳೆಯ ಮನುಷ್ಯ ಕೆಟ್ಟ ಚಿತ್ರ ತೆಗೆಯುವುದು ಸಾಧ್ಯವೇ ಇಲ್ಲ ಎಂದು ಚಹಾ ಮುಗಿಯುವ ಮೊದಲೇ ತೀರ್ಮಾನಿಸಿದೆ.

ಸಂಜೆ ಲಕೋಟೆ ಕೈಗೆ ಬಂತು. ಮೇಲೆ "ಸಿದ್ದಲಿಂಗೇಶ" ಎಂದು ದಪ್ಪಗೆ ಬರೆದಿತ್ತು. ಚಿತ್ರವನ್ನು ಆಕಾಶಕ್ಕೆ ಹಿಡಿದೆ. ಎಡಮೂಲೆಯ ಹಲ್ಲಿನ ಕೆಳಗೆ ಎರಡೂ ಹಳಿ ಸ್ಪಷ್ಟ, ಉದ್ದಕ್ಕೂ, ಎಲ್ಲೂ ಕಡಿದಿಲ್ಲ. ಬೇರು ಪ್ಲಾಟ್‌ಫಾರ್ಮಿನ ಮೇಲೆ ಆರಾಮಾಗಿ ನಿಂತಿತ್ತು. ಬಸ್ ನಿಲ್ದಾಣದಲ್ಲೇ ಒಂದು ಸೀಟಿ ಊದಿದೆ. ಕಂಡಕ್ಟರ್ ನನ್ನತ್ತ ತಿರುಗಿ ಬೈದ.

ಮೂರು ದಿನ ಸಂಭ್ರಮದಲ್ಲಿದ್ದೆ. ಮೈತ್ರಿಯ ಬಳಿಗೆ ಮೊದಲು ಹೋಗಬಹುದಿತ್ತು. ಆದರೆ ಗೆಲುವನ್ನು ಸೋತವನ ಮುಖದ ಮೇಲೆ ನೋಡದಿದ್ದರೆ ಗೆದ್ದು ಏನು ಸುಖ? ಉಮಾದೇವಿಯನ್ನು ಕರೆದುಕೊಂಡು, ಮಂದಿ ತುಂಬಿರುವ ಹೊತ್ತು ನೋಡಿ, ವಾಡಿಗೆ ಹೋದೆ.

"ಹಾಜಿಮಲಂಗ್ ಅವರ" ಎಂದೆ ಎಲ್ಲರಿಗೂ ಕೇಳುವ ಹಾಗೆ. "ನಿಮ್ಮ ಚಿತ್ರದಾಗ ಕಳೆದುಹೋದ ಹಳಿ ಬ್ಯಾರೆ ಕಡಿ ಸಿಕ್ಕದ ನೋಡ್ರಿ."

ಕಾಯುತ್ತಿದ್ದವರು ತಲೆ ಎತ್ತಿದರು. ಅವನು ಫಿಲ್ಮು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದ. ನಾನು ತೋರಿಸಿದ ಮೂಲೆಯನ್ನು ನೋಡಲೇ ಇಲ್ಲ. ನಡುವೆ ನೋಡಿದ. ಆಮೇಲೆ ಜೇಬಿನಿಂದ ಟಾರ್ಚು ತೆಗೆದ.

"ಆ ಮಾಡ್ರಿ."

"ಈಗ್ಯಾಕ ಅದು?"

"ಆ ಮಾಡ್ರಿ ಮಾಸ್ತರ್ರೆ."

ಬಾಯಿ ತೆರೆದೆ. ಅವನು ಟಾರ್ಚಿನ ಬೆಳಕು ಬಿಟ್ಟ, ಫಿಲ್ಮು ನೋಡಿದ, ಮತ್ತೆ ನನ್ನ ಬಾಯಿ ನೋಡಿದ.

"ಟೋಪಿ ಎಲ್ಲದ?"

"ಯಾವ ಟೋಪಿ?"

"ನಿಮ್ಮ ಮುಂದಿನ ಹಲ್ಲಿಂದು. ಲೋಹ ಅದ ಅಲ್ಲ, ಚಿತ್ರದಾಗ ಬೆಳ್ಳಗ ಹೊಳೀಬೇಕು. ಈ ಚಿತ್ರದಾಗ ಆ ಹಲ್ಲು ಪೂರಾ ಅದ, ಮುರಿದೇ ಇಲ್ಲ." ಫಿಲ್ಮನ್ನು ಮಡಚದೆ ಲಕೋಟೆಗೆ ಸೇರಿಸಿದ. "ಆ ಹಲ್ಲು ಮುರಿದವ ನಾನು. ಇದು ನಿಮ್ಮ ದವಡಿ ಅಲ್ಲ."

ಅಲ್ಲಿ ಎಷ್ಟು ನಿಶ್ಶಬ್ದವಾಯಿತೆಂದರೆ, ನನ್ನ ಯಾವ ಭಾಷಣದಲ್ಲೂ ಅಷ್ಟು ನಿಶ್ಶಬ್ದ ಆದದ್ದಿಲ್ಲ. ಉಮಾದೇವಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಅವಳ ಹೆಗಲು ಕುಣಿಯುತ್ತಿತ್ತು.

ಮೂರು ದಿನ ನಾನು ಯಾರದೋ ದವಡೆಯನ್ನು ಬಗಲಲ್ಲಿ ಇಟ್ಟುಕೊಂಡು ಮೆರೆದಿದ್ದೆ. ಆ ಚಿತ್ರ ನಂಬಿ ಹಲ್ಲು ಕೀಳಿಸಲು ಕೂತಿದ್ದರೆ? ನಾಲಿಗೆಯಿಂದ ಕೆಳತುಟಿಯನ್ನು ಮುಟ್ಟಿ ನೋಡಿಕೊಂಡೆ. ಇತ್ತು.

ಹಾಜಿಮಲಂಗ್ ಅಷ್ಟರಲ್ಲಿ ನನ್ನನ್ನು ಮರೆತಿದ್ದ. ಲಕೋಟೆಯ ಮೇಲಿನ ನಂಬರಿಗೆ ಫೋನು ಹಚ್ಚಿದ್ದ. "ಹಲೋ, ಅವತ್ತು ನಿಮ್ಮ ಕಡಿ ಸಿದ್ದಲಿಂಗೇಶ ಅಂತ ಎಷ್ಟು ಮಂದಿ ಬಂದಿದ್ರು? ಇಬ್ಬರಾ? ಇನ್ನೊಬ್ಬಾಂವ ಎಲ್ಲಿಯಂವ? ಅವನ ನಂಬರ್ ಕೊಡ್ರಿ. ಈಗ್ಲೇ ಕೊಡ್ರಿ, ನಾ ಹಿಡ್ಕೊಂಡೇ ಇರ್ತೀನಿ."

ಆ ಇನ್ನೊಬ್ಬ ಸಿದ್ದಲಿಂಗೇಶ ಚಿಂಚೋಳಿಯ ಆಟೋ ಚಾಲಕ. ಅವನ ಕೈಯಲ್ಲಿ ನನ್ನ ದವಡೆ ಇತ್ತು. ಹಲ್ಲು ಕೀಳಿಸಿದರೆ ತುಟಿ ಹೋಗಬಹುದು ಎಂದು ಕೇಳಿ ಆ ಬಡಪಾಯಿ ಮೂರು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲವಂತೆ. ನಾನು ಅವನ ಗಟ್ಟಿ ದವಡೆಯ ಧೈರ್ಯದ ಮೇಲೆ ಮೂರು ದಿನ ಮಿರ್ಚಿ ಭಜಿ ತಿಂದಿದ್ದೆ. ಇನ್ನೊಬ್ಬನೂ ಇರಬಹುದು ಎಂಬ ಯೋಚನೆ ನನಗೆ ಬಂದಿರಲಿಲ್ಲ. ಹಾಜಿಮಲಂಗನಿಗೆ ಮೊದಲು ಬಂದದ್ದೇ ಅದು. ಇದಕ್ಕೂ ಹೊಟ್ಟೆಕಿಚ್ಚು ಪಡಬೇಕೋ ಬೇಡವೋ ತಿಳಿಯದೆ, ಅಭ್ಯಾಸಬಲದಿಂದ ಸ್ವಲ್ಪ ಪಟ್ಟೆ.

ಮಂದಿ ಕಡಿಮೆಯಾದ ಮೇಲೆ ಅವನು ಹತ್ತಿರ ಬಂದು ಕುಳಿತ. ನಾವಿಬ್ಬರೇ ಇದ್ದಾಗ ಅವನು ಮಾಸ್ತರ್ರೆ ಎನ್ನುವುದಿಲ್ಲ.

"ಸಿದ್ದ್ಯಾ, ಐತವಾರ ನಂದು ಸೂಟಿ ಅದ. ಕಲಬುರಗಿಗಿ ನಾನೇ ಬರ್ತೀನಿ ನಡಿ."

"ಯಾಕ? ನಾ ಸಣ್ಣ ಹುಡುಗ ಏನು?"

"ಅಲ್ಲಿ ಇಪ್ಪತ್ತು ಸೆಕೆಂಡ್ ಅದ. ಯಾರರೆ ನಮಸ್ಕಾರ ಅಂದ್ರ?"

ಬಂದ. ಸ್ಕ್ಯಾನಿನ ಕೋಣೆಯ ಬಾಗಿಲಿಗೆ ಅಡ್ಡ ನಿಂತು, ಆ ಇಪ್ಪತ್ತು ಸೆಕೆಂಡು ಯಾರೂ ಹಾಯದಂತೆ ಕಾದ. ಕಂಪ್ಯೂಟರಿನಲ್ಲಿ ನನ್ನ ದವಡೆಯನ್ನು ಬ್ರೆಡ್ಡಿನ ಹಾಗೆ ಚೂರು ಚೂರು ಕೊಯ್ದು ತೋರಿಸತೊಡಗಿದಾಗ ನಾನು ಕಣ್ಣು ಮುಚ್ಚಿದ್ದೆ. ಅವನು ನೋಡಿದ. ಏನು ಕಂಡಿತು ಎಂದು ಕೇಳಿದರೆ "ಅದು ಡಾಕ್ಟರ್ ಹೇಳ್ಬೇಕು" ಎಂದ. ವಾಪಸು ಬರುವಾಗ ರೈಲಿನಲ್ಲಿ ಮತ್ತೆ ಮತ್ತೆ ಪೀಡಿಸಿದೆ. ಶಹಾಬಾದಿನವರೆಗೂ ಬಾಯಿ ಬಿಡಲಿಲ್ಲ. ಕಿಟಕಿಯಾಚೆ ಗಣಿಗಳ ಬೂದು ಹೊಂಡಗಳು ಹಾದುಹೋದವು. ಅವುಗಳನ್ನು ನೋಡುತ್ತ ಅವನು ತನ್ನ ಕಾಲಿನ ಹಳೆಯ ಗಾಯವನ್ನು ಇನ್ನೊಂದು ಕಾಲಿನಿಂದ ಉಜ್ಜಿಕೊಂಡ. ಇಳಿಯುವಾಗ ಮಾತ್ರ, "ನಿದ್ದಿ ಮಾಡು. ನರ ಎಲ್ಲದ ಅಂತ ಗೊತ್ತಾದ ಮ್ಯಾಲ ಅಂಜಿಕಿ ಅರ್ಧ" ಎಂದ.

ಮೈತ್ರಿ ಹೇಳಿದ್ದು ಇಷ್ಟು. ನನ್ನ ಹಲ್ಲಿನ ಎರಡು ಬೇರುಗಳ ನಡುವೆಯೇ ನರ ತೂರಿ ಹೋಗಿತ್ತು, ಸೂಜಿಯ ಕಣ್ಣಲ್ಲಿ ದಾರ ಹೋದ ಹಾಗೆ. ಇಡೀ ಹಲ್ಲು ಕಿತ್ತರೆ ನರವೂ ಹರಿಯಬಹುದು. ಅದಕ್ಕೆ ಮೇಲಿನ ಭಾಗವನ್ನಷ್ಟೇ ಕೊಯ್ದು ತೆಗೆದು, ಬೇರುಗಳನ್ನು ಅಲ್ಲೇ ಬಿಡುವುದು. ಹಾಗೂ ಮಾಡುತ್ತಾರಂತೆ. "ಬೇರಿಗಿ ಬೇರಿನ ಪಾಡಿಗಿ ಇರಲಿಕ್ಕ ಬಿಡ್ತೀವ್ರಿ ಸರ್. ನರಕ್ಕ ಕೈ ಹಚ್ಚಂಗಿಲ್ಲ."

ಕಲಬುರಗಿಯಿಂದ ಬಂದ ದವಡೆಯ ಸರ್ಜನ್ ಒಬ್ಬರು, ಮೈತ್ರಿ ಪಕ್ಕದಲ್ಲಿ ನಿಂತು, ಮುಕ್ಕಾಲು ತಾಸಿನಲ್ಲಿ ಕೆಲಸ ಮುಗಿಸಿದರು. ಮದ್ದಿನ ಜೋಮು ಇಳಿಯುವ ತನಕ ನಾನು ಹೊರಗಿನ ಬೆಂಚಿನ ಮೇಲೆ ಕುಳಿತೆ. ಉಮಾದೇವಿ ಒಂದು ಕಡೆ, ಹಾಜಿಮಲಂಗ್ ಇನ್ನೊಂದು ಕಡೆ. ಅವನ ಹೆಂಡತಿ ಇಮಾಮ್ಬೀ ನನಗೆಂದು ಜೋಳದ ಅಂಬಲಿ ಆರಿಸಿ ಡಬ್ಬಿಯಲ್ಲಿ ಕಳಿಸಿದ್ದಳು. ಒಂದು ತಾಸು ಹೋಯಿತು. ಎರಡು ಹೋಯಿತು. ತುಟಿ ಯಾರದೋ ತುಟಿಯ ಹಾಗೇ ಇತ್ತು. ಉಮಾದೇವಿ ಮಾತು ನಿಲ್ಲಿಸಿದ್ದಳು; ಮದುವೆಯಾದಾಗಿನಿಂದ ಅವಳು ಅಷ್ಟು ಹೊತ್ತು ಸುಮ್ಮನಿದ್ದುದನ್ನು ನಾನು ಕಂಡಿರಲಿಲ್ಲ. ಮೂರನೆಯ ತಾಸಿಗೆ ತುಟಿಯ ಮೂಲೆಯಲ್ಲಿ ಇರುವೆ ಹರಿದ ಹಾಗಾಯಿತು. ಆಮೇಲೆ ಹತ್ತು ಇರುವೆ.

"ಊದ್ರಿ ನೋಡ್ಮು" ಎಂದಳು ಉಮಾದೇವಿ.

"ಊದಬ್ಯಾಡ! ಹೊಲಿಗಿ ಬಿಚ್ತದ" ಎಂದ ಹಾಜಿಮಲಂಗ್. ಅವನು ದನಿ ಏರಿಸಿದ್ದನ್ನು ಕೇಳಿದ್ದು ಅದೊಂದೇ ಸಲ. "ವೈನಿ, ಹದಿನೈದು ದಿನ ಇವನಿಗಿ ಊದಲಿಕ್ಕ ಬಿಡಬ್ಯಾಡ್ರಿ. ಮಾತಾಡ್ಲಿಕ್ಕೂ ಬಿಡದಿದ್ರ ಛಲೋನೇ."

ಉಮಾದೇವಿ ನಕ್ಕಳು. ಕಣ್ಣು ಒರೆಸಿಕೊಳ್ಳುತ್ತ ನಕ್ಕಳು. ನಾನು ಬರೆದ ಐದು ಹಾಸ್ಯ ಪುಸ್ತಕಗಳಲ್ಲಿ ಯಾವುದಕ್ಕೂ ಅವಳು ಹಾಗೆ ನಕ್ಕದ್ದಿಲ್ಲ.

ಸೇಡಮ್ಮಿನ ಸಮಾವೇಶಕ್ಕೆ ಐನೂರು ಜನ ಶಿಕ್ಷಕರು ಸೇರಿದ್ದರು. ಅಂದು ಕೊರಳಿಗೆ ಕರಡಿಗೆ ಹಾಕಿಕೊಂಡು ಹೋದೆ. ಹೊಟ್ಟೆಕಿಚ್ಚನ್ನೇ ವಿಷಯ ಮಾಡಿಕೊಂಡು ಮುಕ್ಕಾಲು ತಾಸು ಮಾತಾಡಿದೆ. ಕೊನೆಗೆ ಮೈಕಿನ ಹತ್ತಿರ ತುಟಿ ತಂದೆ. ಮೊದಲು ಉದ್ದ. ಬಂತು. ಆಮೇಲೆ ಗಿಡ್ಡ. ಬಂತು. ಆಮೇಲೆ ವಾಡಿಯ ಗೂಡ್ಸ್ ಗಾಡಿ ದೂರ ದೂರ ಹೋಗುತ್ತ, ಸಭೆಯ ಹಿಂದಿನ ಸಾಲು ದಾಟಿ, ಬಾಗಿಲು ದಾಟಿ ಹೋಯಿತು. ಐನೂರು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಮೂರನೆಯ ಸಾಲಿನಲ್ಲಿ ಹಾಜಿಮಲಂಗ್ ಇದ್ದ. ಎದ್ದಿದ್ದ, ಚಪ್ಪಾಳೆಯನ್ನೂ ತಟ್ಟುತ್ತಿದ್ದ. ನಗುತ್ತಿರಲಿಲ್ಲ.

ಸಭೆ ಮುಗಿದ ಮೇಲೆ ಹೊರಗೆ ಚಹಾ ಕುಡಿಯುತ್ತ ನಿಂತೆವು. ಚಹಾ ಗದ್ದದ ಮೇಲೆ ಸೋರಲಿಲ್ಲ. ಧೈರ್ಯ ಮಾಡಿ ಕೇಳಿಬಿಟ್ಟೆ.

"ಮಲಂಗ್, ಖರೇ ಹೇಳು. ಇಪ್ಪತ್ತೆಂಟು ವರ್ಷ ಆತು, ನನ್ನ ಎಲ್ಲಾ ಕಾರ್ಯಕ್ರಮಕ್ಕೂ ಬಂದಿ. ನಿನಗ ಭಾಳ ಹಿಡಿಸಿದ್ದು ಯಾವುದು?"

ಅವನು ಚಹಾದ ಕೊನೆಯ ಗುಟುಕು ಮುಗಿಸಿ, ಕಪ್ಪನ್ನು ಕಟ್ಟೆಯ ಮೇಲಿಟ್ಟು, ನನ್ನ ಮುಖ ನೋಡಿದ.

"ವಾಡ್ಯಾಗ ಎರಡನೇ ಸಲ ಹದಿನಾಲ್ಕು ಸೆಕೆಂಡ್ ಬಾಯಿ ಮುಚ್ಚಿ ನಿಂತಿದ್ದಿ ನೋಡು, ಅದು."